ಡ್ಯೂಕ್ ಮಹಾಶಯನ ಬಿಳಿ ಸಂತಾನ

ನನ್ನ ಲೆಕ್ಕ ಯಾವತ್ತೂ ತಪ್ಪುವುದಿಲ್ಲ, ತಪ್ಪುವುದೆಲ್ಲ ಹಾವುಗಳು. ಇಷ್ಟು ಸರಳ ಸಂಗತಿ ನನ್ನ ಹೆಂಡತಿ ಮಾರ್ಲೀನ್‌ಗೆ ಹನ್ನೊಂದು ವರ್ಷದಿಂದ ಅರ್ಥವಾಗಿಲ್ಲ.

ಟಲ್ಸಾದ ಹಾವಿನ ಸಂತೆಯಿಂದ ನಾನು ಡ್ಯೂಕ್ ಎಂಬ ಗಂಡು ಹೆಬ್ಬಾವನ್ನು ತಂದ ದಿನ ಅವಳು ಮೂಗು ಮುರಿದಳು.

"ಇದೂ ಕಂದೇ ಅಲ್ವಾ? ನಮ್ಮ ಬಿಸ್ಕೆಟ್ ಥರಾನೇ ಇದೆ."

(ಬಿಸ್ಕೆಟ್ ಎಂದರೆ, ಮುಖ ಮುದ್ದಾಗಿದೆ ಎಂಬ ಒಂದೇ ಕಾರಣಕ್ಕೆ ಅವಳು ಸಾಕಿಕೊಂಡ ಕುಲಗೋತ್ರವಿಲ್ಲದ ಗಂಡು ಹೆಬ್ಬಾವು.)

"ಹೊರಗೆ ಕಂದು ಕಣೆ. ಒಳಗೆ ಬಿಳಿ ಬಣ್ಣ ಬಚ್ಚಿಟ್ಕೊಂಡಿದಾನೆ. ಮೂರರಲ್ಲಿ ಎರಡು ಪಾಲು ಖಾತ್ರಿ!"

"ಹಾಗಾದ್ರೆ ದುಡ್ಡೂ ಮೂರರಲ್ಲಿ ಎರಡು ಪಾಲು ಕೊಟ್ಯಾ?"

ಇಂಥ ಪ್ರಶ್ನೆಗೆ ಉತ್ತರಿಸುವುದು ನನ್ನಂಥ ಸರ್ಪವಂಶ ವಿಶಾರದನ ಘನತೆಗೆ ತಕ್ಕದ್ದಲ್ಲ. ಅಪ್ಪ ಅಮ್ಮ ಇಬ್ಬರೂ ಬಿಳಿಯನ್ನು ಧಾರೆಯೆರೆದರೆ ಮಾತ್ರ ಮರಿ ಬಿಳಿ. ನಮ್ಮ ಹೆಣ್ಣು ಪರ್ಲ್ ಹುಟ್ಟಾ ಬಿಳಿ. ಡ್ಯೂಕನೊಳಗೂ ಬಿಳಿ ಇದ್ದರೆ ಮರಿಗಳಲ್ಲಿ ಅರ್ಧ ಬಿಳಿ, ಇಲ್ಲದಿದ್ದರೆ ಒಂದೂ ಇಲ್ಲ.

ಹಾವುಗಳಿರುವ ಹಿಂದಿನ ಕೋಣೆಯ ಮೇಲೆ ಮಾರ್ಲೀನ್‌ಗೆ ಎಂದಿನಿಂದಲೋ ಕಣ್ಣು. "ಒಂದೇ ಒಂದು ಬಿಳಿ ಮರಿ ಬರಲಿ, ಕೋಣೆ ಹಾವಿಗೆ. ಬರಲಿಲ್ವೋ, ಹಾವೆಲ್ಲ ಮಾರಾಟಕ್ಕೆ. ಅಲ್ಲಿ ಕೂತು ನಾನು ಕೌದಿ ಹೊಲೀತೀನಿ!" ಎಂದು ಪಂದ್ಯ ಕಟ್ಟಿದಳು. ಹನ್ನೊಂದು ವರ್ಷದ ನನ್ನ ವಿದ್ಯೆ ಡ್ಯೂಕನ ಮೇಲೆ ನಿಂತಿತು. ಜನವರಿಯಲ್ಲಿ ನಾನು ಅಣ್ಣನ ಊರಿಗೆ ಹೊರಟಾಗ, ಅವನನ್ನು ಪರ್ಲ್ ಇರುವ ಡಬ್ಬಿಗೆ ಬಿಡುವ ಮಂಗಳಕಾರ್ಯವನ್ನೂ ಅವಳಿಗೇ ಒಪ್ಪಿಸಿದೆ.

ಪರ್ಲ್ ಇಟ್ಟದ್ದು ಆರು ಮೊಟ್ಟೆ. ಮರಿ ಹೊರಬರುವ ಹೊತ್ತಿಗೆ ಒಂದು ಭಾನುವಾರ ಚರ್ಚಿನಿಂದ ಬಂದವನೇ ಉಗುರು ಕತ್ತರಿಯಲ್ಲಿ ಒಂದೊಂದನ್ನೇ ನಾಜೂಕಾಗಿ ಸೀಳಿ ಇಣುಕಿದೆ. ಮೊದಲನೆಯದು ಕಂದು. ಎರಡನೆಯದೂ ಕಂದು. ಮೂರನೆಯದಕ್ಕೆ ಮಾರ್ಲೀನ್ ಅಳತೆ ಪಟ್ಟಿ ತಂದಳು. ನಾಲ್ಕನೆಯದಕ್ಕೆ ಗೋಡೆ ಅಳೆಯತೊಡಗಿದಳು.

ಐದನೆಯದರೊಳಗೆ ಬೆಣ್ಣೆಯಂಥ ಬಿಳಿ, ಹಳದಿ ಪಟ್ಟೆ, ಕೆಂಪು ಕಣ್ಣು! ಆರನೆಯದೂ ಹಾಗೇ!

"ಗೆದ್ದೆ!" ಎಂದು ಕೋಣೆ ತುಂಬ ಕುಣಿದೆ. ಅಳತೆ ಪಟ್ಟಿಯನ್ನು ಹಾರದಂತೆ ಕೊರಳಿಗೆ ಹಾಕಿಕೊಂಡೆ. ಕೂಡಲೇ ಹಾವು ಸಾಕುವವರ ಸಂಘದ ಅಧ್ಯಕ್ಷ ಫ್ಲಾಯ್ಡ್‌ಗೆ ಫೋನು ಮಾಡಿ, "ಡ್ಯೂಕ್ ಪಾಸಾದ ಕಣೋ! ನನ್ನ ಲೆಕ್ಕ ಅಂದ್ರೆ ಏನಂದ್ಕೊಂಡೆ?" ಎಂದು ಕೂಗಿದೆ.

"ವರ್ಜಿಲ್, ಡ್ಯೂಕ್‌ಗೂ ಇದಕ್ಕೂ ಸಂಬಂಧ ಇಲ್ಲ," ಎಂದಳು ಮಾರ್ಲೀನ್.

"ಹಾಂ?"

"ನೀನು ಅತ್ಲಾಗೆ ಹೋದೆ, ಆ ನಿನ್ನ ಮಹಾಶಯ ಮೂರು ದಿನ ನೀರಿನ ಬಟ್ಟಲ ಹಿಂದೆ ಸುತ್ಕೊಂಡು ಮಲಗಿದ. ಪರ್ಲ್ ಕಡೆ ತಿರುಗಿಯೂ ನೋಡ್ಲಿಲ್ಲ. ಪಾಪ ಅನ್ನಿಸ್ತು, ಬಿಸ್ಕೆಟ್‌ನ ಬಿಟ್ಟೆ. ಬಿಳಿ ಬಚ್ಚಿಟ್ಕೊಂಡಿದ್ದವನು ಅವನೇ ನೋಡು."

ಫೋನಿನ ಆ ಕಡೆ ಫ್ಲಾಯ್ಡ್ ಬಿದ್ದು ಬಿದ್ದು ನಗುತ್ತಿದ್ದ.

"ಪಂದ್ಯ ಅಂದ್ರೆ ಪಂದ್ಯ, ಕೋಣೆ ಹಾವಿಗೇ. ಕೌದಿ ಯಾರಿಗೆ ಬೇಕು!" ಮಾರ್ಲೀನಳ ಕಣ್ಣು ಫಳಫಳ ಹೊಳೆಯುತ್ತಿತ್ತು. "ಇನ್ಮೇಲೆ ಜೋಡಿ ನಾನು ಕೂಡಿಸ್ತೀನಿ, ಲೆಕ್ಕ ನೀನು ಬರಿ. ಮುಂದಿನ ಸಲವೂ ಬಿಸ್ಕೆಟ್ಟೇ. ಎಂಟು ಮೊಟ್ಟೆಗೆ ಬಿಳಿ ಎಷ್ಟು?"

"ನಾಲ್ಕು," ಎಂದೆ ವಿಧೇಯನಾಗಿ. ಲೆಕ್ಕವಂತೂ ಸರಿಯಾಗಿತ್ತು. ಆಮೇಲೆ ಮೆಲ್ಲಗೆ ಕೇಳಿದೆ, "ಮತ್ತೆ ಡ್ಯೂಕ್‌ನ ಏನು ಮಾಡೋಣ?"

"ಇರಲಿ ಬಿಡು," ಎಂದಳು. "ಕೆಲಸಕ್ಕೆ ಬಾರದೆ ತಿಂದ್ಕೊಂಡು ಬಿದ್ದಿರೋರನ್ನ ಸಾಕೋದು ನನಗೇನು ಹೊಸದಾ?"