ಇರುವೆಗಳು ಬೆಳೆಸಿದ ತೋಟ

ಸಿಕ್ಸ್‌ಟೆನ್ ಹುಲ್ಟ್‌ಗ್ರೆನ್ ಮಾಡಿದ ತಪ್ಪು ಇಷ್ಟೆ: ಬಹುಮಾನದ ಆಸೆಯನ್ನು ಬೇಲಿಯಾಚೆಯ ಗುನ್‌ಬೋರ್‌ಗೆ ಹೇಳಿಬಿಟ್ಟ.

ಹಿತ್ತಲ ಮರಗಳ ನೆರಳಲ್ಲಿ, ಹಿಮ ಇನ್ನೂ ಪೂರ್ತಿ ಕರಗದ ಮೂಲೆಯಲ್ಲಿ, ಅವನ ನೀಲಿ ಅನಿಮೋನಿ ಹೂಗಳು ಜಮಖಾನ ಹಾಸಿದಂತೆ ಅರಳಿದ್ದವು. ತೀರಿಹೋದ ಸೋದರತ್ತೆ ಕೊಟ್ಟ ಬೀಜ. ಮೊದಲ ಹೂ ಕಾಣಲು ವರ್ಷಗಟ್ಟಲೆ ಕಾದಿದ್ದ. ಚಳಿಗೆ ತರಗೆಲೆ ಹೊದಿಸಿ, ಬಸವನಹುಳು ಹೆಕ್ಕಿ, ಮನೆ ಅಳಿಯನಂತೆ ಉಪಚರಿಸಿದ್ದ. ಊರಿನ ಅತ್ಯುತ್ತಮ ನೆರಳುತೋಟವೆಂಬ ಹಿತ್ತಾಳೆ ಫಲಕ ಕೊಡುವ ಮುನ್ನ ತೋಟಗಾರಿಕೆ ಸಂಘದವರು ಅಂದು ಮಧ್ಯಾಹ್ನ ನೋಡಲು ಬರುವವರಿದ್ದರು.

ಕಾಡಿನ ನೀಲಿ ಅನಿಮೋನಿಯನ್ನು ಕಿತ್ತು ತರುವುದು ಆ ಸೀಮೆಯಲ್ಲಿ ಅಪರಾಧ. ಇಷ್ಟೊಂದು ಹೂ ಕಾಡಲ್ಲದೆ ಇನ್ನೆಲ್ಲಿಂದ ಬಂದೀತು ಎಂದು ಗುನ್‌ಬೋರ್‌ಗೆ ಅನುಮಾನ. ಕಾನೂನಿಗೆ ತಲೆಬಾಗುವ ಪ್ರಜೆಯಾಗಿ ಆಕೆ ಜಿಲ್ಲಾ ಕಚೇರಿಗೆ ಫೋನ್ ಮಾಡಿದಳು. ಒಳ್ಳೆಯ ನೆರೆಯವಳಾಗಿ, ದಾಲ್ಚಿನ್ನಿ ಬನ್ನು ಹಿಡಿದು ಅದನ್ನು ತಿಳಿಸಲೂ ಬಂದಳು.

"ಬೇಜಾರ್ ಮಾಡ್ಕೋಬೇಡ. ಹೇಳ್ದೆ ಮಾಡಿದ್ರೆ ಬೆನ್ನಿಗೆ ಚೂರಿ ಹಾಕ್ದಂಗೆ ಆಗ್ತಿತ್ತು. ಇವತ್ತೇ ಯಾರನ್ನೋ ಕಳಿಸ್ತಾರಂತೆ."

ಬನ್ನಿನ ವಾಸನೆಗೆ ಎದುರುಮನೆಯ ನಿವೃತ್ತ ಟ್ರಾಮ್ ಚಾಲಕ ಹಿಲ್ಡಿಂಗ್ ಕೂಡ ಬಂದ.

"ಅತ್ತೆ ಕೊಟ್ಟಿದ್ದಕ್ಕೆ ರಸೀದಿ ಇದೆಯಾ?"

"ಯಾವ ಅತ್ತೆ ರಸೀದಿ ಕೊಡ್ತಾಳೆ ಮಾರಾಯ?"

"ಹಾಗಾದ್ರೆ ನೀನು ನೆಟ್ಟೇ ಇಲ್ಲ. ಇರುವೆ ತಂದು ಹಾಕ್ತು ಅನ್ನು. ಈ ಬೀಜ ಹೊರೋದು ಇರುವೇನೇ, ಸುಳ್ಳೇನಲ್ಲ."

ಸಿಕ್ಸ್‌ಟೆನ್‌ನ ಮುಖ ನೋಡಿ ಗುನ್‌ಬೋರ್‌ಗೂ ಕನಿಕರ ಉಕ್ಕಿತು. ದೂರು ಕೊಟ್ಟವಳೇ ಸಾಕ್ಷಿ ಹೇಳುವುದಾಗಿ ಒಪ್ಪಿದಳು.

ಎರಡು ಗಂಟೆಗೆ ಸರಿಯಾಗಿ ಹಸಿರು ಕೋಟು, ರಬ್ಬರ್ ಬೂಟಿನ ಒಬ್ಬಾತ ಗೇಟು ತೆರೆದ. ಯಾರೆಂದೂ ಹೇಳದೆ ಮಂಡಿಯೂರಿ, ಭೂತಗನ್ನಡಿಯಲ್ಲಿ ಒಂದೊಂದೇ ಹೂ ನೋಡಿದ. ಜಿಲ್ಲಾ ಕಚೇರಿಯವನೇ ಇರಬೇಕು ಎಂದುಕೊಂಡ ಸಿಕ್ಸ್‌ಟೆನ್.

"ಅದ್ಭುತ. ಇದನ್ನೆಲ್ಲ ನೆಟ್ಟೋರು ಯಾರು?"

ತಾನಂತೂ ಅಲ್ಲ ಎಂದ ಸಿಕ್ಸ್‌ಟೆನ್. ಈ ಮೂಲೆಗೆ ತಾನು ಕಾಲೇ ಇಟ್ಟವನಲ್ಲ, ಗುದ್ದಲಿ ಹಿಡಿದರೆ ತನಗೆ ಸೊಂಟ ಹಿಡಿಯುತ್ತದೆ, ಎಲ್ಲಾ ಇರುವೆಗಳ ಕೃಪೆ ಎಂದ. ಇರುವೆಗಳ ಮೆರವಣಿಗೆಯನ್ನು ಕಣ್ಣಾರೆ ಕಂಡಿದ್ದೇನೆ ಎಂದ ಹಿಲ್ಡಿಂಗ್. ಈತ ಮಹಾ ಸೋಮಾರಿ, ಹುಲ್ಲುಕಡ್ಡಿಯನ್ನೂ ಮುಟ್ಟುವವನಲ್ಲ ಎಂದು ಗುನ್‌ಬೋರ್ ಉತ್ಸಾಹದಿಂದ ಸೇರಿಸಿದಳು.

ಹಸಿರು ಕೋಟಿನವನು ಮಂಡಿ ಕೊಡವಿಕೊಂಡು ಎದ್ದ. ಮುಖ ಬಾಡಿತ್ತು.

"ಛೆ. ಫಲಕ ನಿಮಗೇ ಅಂತ ಹೂ ನೋಡ್ತಾನೇ ತೀರ್ಮಾನ ಮಾಡ್ಕೊಂಡಿದ್ದೆ. ಆದ್ರೆ ನಮ್ಮ ಸಂಘ ಇರುವೆಗೆ ಬಹುಮಾನ ಕೊಡಲ್ವಲ್ಲ."

ಸಿಕ್ಸ್‌ಟೆನ್‌ಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನನ್ನು ತಡೆಯುವವರಿರಲಿಲ್ಲ. ಇರುವೆ ಗಿರುವೆ ಎಲ್ಲ ಕಟ್ಟುಕತೆ ಎಂದ, ಎದೆ ತಟ್ಟಿಕೊಂಡ, ಮಣ್ಣು ಕೂತ ಉಗುರುಗಳನ್ನು ಎತ್ತಿ ತೋರಿಸಿದ.

"ಒಂದೊಂದು ಗಿಡಾನೂ ನಾನೇ ನೆಟ್ಟಿದ್ದು ಸ್ವಾಮಿ, ಇದೇ ಕೈಯಿಂದ. ಬೇಕಾದ್ರೆ ಬರೆದು ಸಹಿ ಹಾಕ್ತೀನಿ."

"ಹಾಕಿ, ಅನುಕೂಲ ಆಗುತ್ತೆ," ಎಂದಳು ಗೇಟಿನ ಬಳಿ ಆಗಷ್ಟೇ ಸೈಕಲ್ ನಿಲ್ಲಿಸುತ್ತಿದ್ದ, ಹೂವಿನ ಟೋಪಿಯ ಹೆಂಗಸು. "ನಾನು ಜಿಲ್ಲಾ ಕಚೇರಿಯಿಂದ ಬಂದಿದ್ದೀನಿ."