ಆರತಿ ಎತ್ತುವ ಕೈಗೆ ಹೊಸ ಪಾಠ

ನಗು ಬರುವ ಸಂಗತಿಗಳನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋದವನಲ್ಲ. ಪಕ್ಷವಾತದಿಂದ ಬಲಗೈ ಸೋತು, ಉಪ್ಪಳದ ಫಿಸಿಯೋಥೆರಪಿ ಕೇಂದ್ರಕ್ಕೆ ಹೋಗತೊಡಗಿದ ಮೇಲೆ ಅವು ತಾವಾಗಿಯೇ ಬರತೊಡಗಿದವು.

೧. ಮದ್ದು

ಮೊದಲ ದಿನ ಸ್ನಾನ, ಜಪ ಮುಗಿಸಿ, ರಾಹುಕಾಲ ಕಳೆದ ಮೇಲೆ ಪೈವಳಿಕೆಯಿಂದ ಖಾಲಿ ಹೊಟ್ಟೆಯಲ್ಲಿ ಹೊರಟೆ. ರಕ್ತ ಪರೀಕ್ಷೆಗೆ ಹಾಗೆ ಹೋಗಿ ಅಭ್ಯಾಸ. ಅಲ್ಲಿ ಥೆರಪಿ ಮಾಡುವವಳು ಮೊಗ್ರಾಲಿನ ಬ್ಯಾರಿ ಮುಸ್ಲಿಮರ ಹುಡುಗಿ, ನನ್ನ ಮೊಮ್ಮಗಳ ಪ್ರಾಯ.

"ಅಜ್ಜ, ತಿಂಡಿ ಆಯ್ತಾ?"

"ಇಲ್ಲ."

"ಹಾಗಾದ್ರೆ ಇವತ್ತಿನ ಮೊದಲ ವ್ಯಾಯಾಮ ಅದೇ" ಎಂದು ಎದುರಿನ ಹೋಟೆಲಿಗೆ ಕಳಿಸಿದಳು.

ತಿಂದು ಬಂದಾಗ ಕೇಳಿದಳು, "ಈ ಕೈಯಿಂದ ನಿಮಗೆ ಎಂತ ಕೆಲಸ ಆಗಬೇಕು?"

ಇದುವರೆಗೆ ಯಾರೂ ಕೇಳದ ಪ್ರಶ್ನೆ. "ದೇವರಿಗೆ ಆರತಿ ಎತ್ತಬೇಕು. ಗಂಟೆ ಎಡಗೈಯಲ್ಲಿ ನಡೆಯುತ್ತದೆ. ಆರತಿಗೆ ಬಲಗೈಯೇ ಆಗಬೇಕು."

"ಈಗ ಯಾರು ಮಾಡುವುದು?"

"ತಮ್ಮ ಬರುತ್ತಾನೆ. ಅವನಿಗೆ ಎಂಟೂವರೆಯ ಬಸ್ಸು ಉಂಟು. ದೇವರು ಕಣ್ಣು ಬಿಡುವುದರೊಳಗೆ ಪೂಜೆ ಮುಗಿದಿರುತ್ತದೆ."

ಅವಳು ನಗಲಿಲ್ಲ. "ಗುರಿ: ಆರತಿ" ಎಂದು ಪುಸ್ತಕದಲ್ಲಿ ಬರೆದುಕೊಂಡಳು. ಮದ್ದು ಎಲ್ಲಿ ಎಂದು ಕೇಳಿದೆ. ಮೆತ್ತಗಿನ ಚೆಂಡೊಂದನ್ನು ಕೈಗಿಟ್ಟು, "ಇದೇ. ನುಂಗಬೇಡಿ" ಎಂದಳು.

೨. ನೂರ ಎಂಟು

ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಚೆಂಡು ಹಿಂಡಬೇಕೆಂದು ಹೇಳಿದ್ದಳು. ನಾಲ್ಕನೇ ದಿನ ಹೋದಾಗ ಮಣಿಗಂಟು ಬಾತುಕೊಂಡಿತ್ತು.

"ಎಷ್ಟು ಸಲ ಹಿಂಡಿದ್ರಿ?"

"ನೂರ ಎಂಟು."

"ಯಾರು ಹೇಳಿದ್ದು?"

"ಯಾರೂ ಇಲ್ಲ. ಎಣಿಸಲಿಕ್ಕೆ ಎಡಗೈಯಲ್ಲಿ ಜಪಮಾಲೆ ಹಿಡಿದಿದ್ದೆ. ಮಾಲೆ ಶುರು ಮಾಡಿ ಹತ್ತಕ್ಕೇ ಬಿಡಲಿಕ್ಕಾಗುತ್ತದಾ?"

ಬೈಯುತ್ತಾಳೆ ಎಂದುಕೊಂಡೆ. ಅವಳು ಲೆಕ್ಕ ಹಾಕತೊಡಗಿದಳು. "ಎರಡು ದಿನ ಕೈಗೆ ರಜೆ. ಆಮೇಲೆ ಒಂದು ಸಲಕ್ಕೆ ಹನ್ನೆರಡು, ದಿನಕ್ಕೆ ಮೂರು ಸಲ. ಮೂರು ದಿನಕ್ಕೆ ನಿಮ್ಮ ಮಾಲೆ ಪೂರ್ತಿ ಆಗ್ತದೆ. ಆದ್ರೆ ಹನ್ನೆರಡಾದ ಕೂಡಲೇ ಕೈ ಕೆಳಗಿಟ್ಟು, ಐದೂ ಬೆರಳು ಅಗಲಿಸಿ, ಮಡಚಿ, ಮಣಿಗಂಟು ತಿರುಗಿಸಬೇಕು. ಮರೀಬಾರದು."

ನನ್ನ ಉಪನಯನ ಮಾಡಿಸಿದ ಪುರೋಹಿತರೂ ಇಂಥ ಅನುಕೂಲ ಮಾಡಿಕೊಟ್ಟಿರಲಿಲ್ಲ.

೩. ಸೌಟು

ಎರಡು ತಿಂಗಳಾಗುವಾಗ ಬೆರಳು ಹಿಡಿತಕ್ಕೆ ಬಂತು. "ಆರತಿ ಹೇಗೆ ಎತ್ತುವುದು, ತೋರಿಸಿ ನೋಡುವ" ಎಂದು ಒಂದು ಸೌಟಿಗೆ ನೀರು ಹಾಕಿ ಕೊಟ್ಟಳು. ನಾನು ಕಣ್ಣು ಮುಚ್ಚಿ, ದೇವರನ್ನು ನೆನೆದು, ಸೌಟನ್ನು ಸುತ್ತತೊಡಗಿದೆ.

ಕಣ್ಣು ಬಿಟ್ಟಾಗ ಎದುರಿನ ಕುರ್ಚಿಯಲ್ಲಿ ಬಟ್ಟೆ ಅಂಗಡಿಯ ಹಾಜಿಯವರು. ಸೊಂಟದ ಆಪರೇಷನ್ ಆದವರು. ಕಂಬಿ ಹಿಡಿಯದೆ ಏಳುವುದಿಲ್ಲವೆಂದು ತಿಂಗಳಿಂದ ಹಠ ಹಿಡಿದಿದ್ದರು.

"ಭಟ್ರೇ, ಅದು ದೇವರಿಗೆ ಮಾಡುವಂಥದ್ದು. ನನಗೆ ಬೇಡ ಮಾರಾಯ್ರೆ" ಎನ್ನುತ್ತಾ ಅವರು ಎದ್ದು, ನಾಲ್ಕು ಹೆಜ್ಜೆ ನಡೆದು, ಗೋಡೆಯ ಬದಿಗೆ ಹೋಗಿ ನಿಂತರು. ಕಂಬಿ ಇದ್ದದ್ದು ಕುರ್ಚಿಯ ಹತ್ತಿರವೇ.

ಹುಡುಗಿ ಅವರ ಕಾಲನ್ನೇ ನೋಡಿದಳು. ಆಮೇಲೆ ನನ್ನತ್ತ ತಿರುಗಿ, "ಅಜ್ಜ, ನಾಳೆಯೂ ಸ್ವಲ್ಪ ಇವರ ಎದುರೇ ಮಾಡಿ" ಎಂದಳು.

೪. ಮುದ್ರೆ

ಕಡೆಗೊಂದು ಶುಕ್ರವಾರ ತಮ್ಮ ಆರತಿಗೆ ಕೈ ಹಾಕಿದಾಗ, "ಇವತ್ತು ನಾನು" ಎಂದೆ. ಹೆಂಡತಿ ಬತ್ತಿ ಹೊತ್ತಿಸಿ ಕೊಟ್ಟಳು. ಕೈ ನಡುಗಿತು, ಆರತಿ ಬೀಳಲಿಲ್ಲ. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ದೀಪ. ದೇವರ ಮುಖ ಸರಿಯಾಗಿ ಕಂಡು ಎಷ್ಟು ದಿನವಾಗಿತ್ತೋ, ಕಣ್ಣು ತುಂಬಿ ಬಂತು.

ಹನ್ನೆರಡು ಸುತ್ತಾಯಿತು. ಅಭ್ಯಾಸಬಲ, ಆರತಿ ಕೆಳಗಿಟ್ಟು, ಐದೂ ಬೆರಳು ಅಗಲಿಸಿ, ಮಡಚಿ, ಮಣಿಗಂಟು ತಿರುಗಿಸಿದೆ. ಹಿಂದಕ್ಕೆ ನೋಡಿದರೆ ತಮ್ಮನೂ ಭಕ್ತಿಯಿಂದ ಬೆರಳು ಅಗಲಿಸಿ, ಮಡಚಿ, ಮಣಿಗಂಟು ತಿರುಗಿಸುತ್ತಿದ್ದಾನೆ.

"ಅಣ್ಣ, ಇದು ಯಾವ ಮುದ್ರೆ?" ಎಂದು ಮೆಲ್ಲಗೆ ಕೇಳಿದ.

"ಮೊಗ್ರಾಲಿನ ಗುರುಗಳ ಉಪದೇಶ" ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ.

ಈಗ ಅವನು ತನ್ನ ಮನೆಯ ಪೂಜೆಯಲ್ಲಿ ದಿನವೂ ಆ ಮುದ್ರೆ ಮಾಡುತ್ತಾನಂತೆ. ಹುಡುಗಿಗೆ ಹೇಳಿದೆ. ಅವಳು ಪುಸ್ತಕದಲ್ಲಿ ಆರತಿಯ ಎದುರು ಸರಿ ಗುರುತು ಹಾಕುತ್ತಾ ಕೇಳಿದಳು, "ಅವರ ಕೈಗೆ ಎಂತ ಆಗಿದೆ ಅಜ್ಜ?"

"ಕೈಗೆ ಎಂತದೂ ಇಲ್ಲ."

"ಮತ್ತೆ ಎಂಟೂವರೆಯ ಬಸ್ಸು?"

"ಈಗ ಒಂಬತ್ತರದ್ದಕ್ಕೆ ಹೋಗುತ್ತಾನೆ."