ಮಳೆ ಪಟ್ಟಿಯ ನಕ್ಷತ್ರಗಳು

ಮಡಿಕೇರಿಯ ನಮ್ಮ ಬೆಳೆಗಾರರ ಸಂಘದ ಆಫೀಸಿನಲ್ಲಿ ನಗುವಿಗೆ ಬರವಿಲ್ಲ. ಎಸ್ಟೇಟುಗಳಿಂದ ಬರುವ ಫೈಲುಗಳೇ ಸಾಕು. ಈ ಸಲ ಬಂದದ್ದು ದುಬಾರೆ ಕಡೆ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರೊಬ್ಬರ ಮಳೆ ಪಟ್ಟಿ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಇಂಚಿನ ನೂರನೇ ಒಂದು ಪಾಲಾದ ಸೆಂಟು, ಎರಡನ್ನೂ ಬರೆದಿಟ್ಟ ಪುಣ್ಯಾತ್ಮ. ಮಗಳ ಮದುವೆಯ ದಿನವೂ ಬಿಟ್ಟವರಲ್ಲ. ಪಟ್ಟಿ ಸಂಘದ ಪುಸ್ತಕದಲ್ಲಿ ತಮ್ಮ ಹೆಸರಿನಲ್ಲಿ ಅಚ್ಚಾಗಬೇಕು, ಆಮೇಲೆಯೇ ನಿವೃತ್ತಿ ಎಂದು ಕಾದಿದ್ದರು.

ಕಾಫಿ ಆರುವ ಮೊದಲು

ಫೈಲಿನ ತುಂಬ ನಕ್ಷತ್ರ, ಗೆರೆ, ಏನೇನೋ ಚಿಹ್ನೆ. ಮೂರು ದಿನ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಳಿಸಿದೆ. ಎರಡು ವರ್ಷದ ಮಳೆಯೂ ಮುಗಿಯಲಿಲ್ಲ. ಪಕ್ಕದ ಮೇಜಿನ ಮೇಡಂ ಕಾಫಿ ಲೋಟ ಕೆಳಗಿಟ್ಟು, ಎಲ್ಲವನ್ನೂ ಒಮ್ಮೆಗೇ ಅಳಿಸು ಎಂದು ಕಂಪ್ಯೂಟರಿಗೆ ಹೇಳುವ ಒಂದೇ ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದು ಓಡಿಸಿದರು. ಕಸವೆಲ್ಲ ಮಾಯ! ಮನಸಾರೆ ಕೈ ಮುಗಿದೆ.

"ಮೂರು ದಿನದಿಂದ ಸುಮ್ಮನೆ ನೋಡ್ತಿದ್ರಲ್ಲ ಮೇಡಂ?"

"ನೀವು ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದು ನಾನು ನೋಡೇ ಇರ್ಲಿಲ್ಲ. ತಡೆಯೋಕೆ ಮನಸ್ಸು ಬರ್ಲಿಲ್ಲ."

ಚುಕ್ಕಿ

ಕಸದ ಜೊತೆ ಅಂಕಿಗಳ ನಡುವಿನ ಚುಕ್ಕಿಯೂ ಹೋಗಿತ್ತು. 1.20 ಇದ್ದದ್ದು 120 ಆಗಿತ್ತು. ನಾವು ಕಳಿಸಿದ ಪ್ರತಿ ನೋಡಿ ರೈಟರು ಫೋನ್ ಮಾಡಿದರು: "ಒಂದೇ ದಿನ ನೂರಿಪ್ಪತ್ತು ಇಂಚು! ಅಷ್ಟು ದೊಡ್ಡ ಮಾಪಕ ಧಣಿಗಳು ಕೊಡ್ಸಿಲ್ಲ ಮೇಡಂ."

ಮೇಡಂ ಬೆವರಲಿಲ್ಲ. ಮೂಲ ಫೈಲನ್ನು ಎಂದೂ ಮುಟ್ಟದೆ ಪ್ರತಿಯ ಮೇಲೆಯೇ ಕೆಲಸ ಮಾಡುವುದು ಅವರ ಪದ್ಧತಿ. ಸ್ಕ್ರಿಪ್ಟ್ ತಿದ್ದಿ ಮತ್ತೆ ಓಡಿಸಿದರು. ಅಷ್ಟು ಹೊತ್ತೂ ಬೆವರಿದವನು ನಾನು.

ನಕ್ಷತ್ರ

ಅಚ್ಚಿಗೆ ಹೋಗುವ ಪ್ರತಿ ನೋಡಲು ರೈಟರು ಬಸ್ಸು ಹತ್ತಿ ಬಂದರು. ನೋಡುತ್ತಲೇ ಮುಖ ಸಣ್ಣಗಾಯಿತು.

"ನನ್ನ ನಕ್ಷತ್ರ ಎಲ್ಲಿ? ಅದು ಆನೆ ಹಿಂಡು ಬಂದು ಮಾಪಕ ಬೀಳಿಸಿದ ದಿನದ ಗುರುತು!"

"ಹಾಗಾದ್ರೆ ಆ ದಿನದ ಅಳತೆ ಎಲ್ಲಿಂದ ಬಂತು?" ಎಂದರು ಮೇಡಂ.

"ಪಕ್ಕದ ಎಸ್ಟೇಟ್ ರೈಟರಿಗೆ ಫೋನ್ ಮಾಡ್ತಿದ್ದೆ."

"ಅವರ ಮಾಪಕವನ್ನ ಆನೆ ಬೀಳಿಸ್ತಿರ್ಲಿಲ್ವಾ?"

"ಮೊದಲು ಅಲ್ಲಿ ಬೀಳಿಸೇ ನಮ್ಮಲ್ಲಿಗೆ ಬರೋದು."

"ಮತ್ತೆ?"

"ಇಬ್ರೂ ಮಾತಾಡಿ ಒಂದು ಅಳತೆ ಒಪ್ಕೊಳ್ತಿದ್ವಿ."

ಪಟ್ಟಿ ಅಚ್ಚಾಗುವುದೇ ಇಲ್ಲವೇನೋ ಎಂದು ನನಗೆ ಭಯವಾಯಿತು. ಆದರೆ ಮೇಡಂ ಮೂಲ ಫೈಲು ತೆಗೆದರು, ನಕ್ಷತ್ರ ಬಿಟ್ಟು ಉಳಿದ ಕಸವನ್ನು ಮಾತ್ರ ಅಳಿಸುವಂತೆ ಸ್ಕ್ರಿಪ್ಟ್ ತಿದ್ದಿದರು, ಪುಟದಡಿ 'ನಕ್ಷತ್ರವಿರುವ ದಿನಗಳ ಅಳತೆ ಅಂದಾಜು' ಎಂದು ಸೇರಿಸಿದರು. ಮೇಲೆ ರೈಟರ ಹೆಸರು ದಪ್ಪಕ್ಷರದಲ್ಲಿ ಬಂತು.

ರೈಟರ ಕಣ್ಣು ತುಂಬಿತು. ಒಂದು ಪದಕ್ಕೆ ಮಾತ್ರ ಅವರ ತಕರಾರು.

"ಅಂದಾಜು ಅಂತ ಹಾಕ್ಬೇಡಿ ಮೇಡಂ. ಬೇಕಾದ್ರೆ ಪಕ್ಕದವರ ಪಟ್ಟಿ ತರ್ಸಿ ನೋಡಿ. ಬೇರೆ ದಿನ ಹೆಚ್ಚುಕಮ್ಮಿ ಇರ್ಬಹುದು, ಆನೆ ಬಂದ ದಿನ ಮಾತ್ರ ಒಂದು ಸೆಂಟೂ ವ್ಯತ್ಯಾಸ ಇಲ್ಲ!"